ಕಾಯಿದೆಯಲ್ಲಿರುವ ಕಾಯಿಲೆ ಕೌಂಟರಿಗೆ ಗೊತ್ತಿಲ್ಲ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಶಿವಮೊಗ್ಗ ಜಿಲ್ಲೆ.

ವಿಷಯ: ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ಜಿಲ್ಲೆಯಲ್ಲೇ ಚಿಕಿತ್ಸೆ, ಪ್ರಮಾಣಪತ್ರ ಮತ್ತು ನೆರವು ಒದಗಿಸುವ ಕುರಿತು.

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಶಿಕ್ಷಕಿ. ಕೆಲವು ವರ್ಷಗಳಿಂದ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಚಿಕ್ಕದಾಗಿ ಎಂ.ಎಸ್.) ಎಂಬ ನರಸಂಬಂಧಿ ಕಾಯಿಲೆ ಇದೆ. ಈ ಮನವಿಯನ್ನು ತಮ್ಮ ಕಚೇರಿಯ ಟಪಾಲಿಗೆ ಕೊಟ್ಟು ಸುಮ್ಮನಾಗದೆ ಬಹಿರಂಗವಾಗಿಯೂ ಬರೆಯುತ್ತಿರುವುದಕ್ಕೆ ಎರಡು ಕಾರಣಗಳಿವೆ. ಇಲ್ಲಿ ಕೇಳುತ್ತಿರುವುದು ನನ್ನೊಬ್ಬಳ ಸಲುವಾಗಿ ಅಲ್ಲ ಎಂಬುದು ಮೊದಲನೆಯದು. ಇದೇ ಕಾಯಿಲೆಯೊಂದಿಗೆ ಯಾವುದೋ ಒಂಟಿ ಮನೆಯಲ್ಲಿ ಕುಳಿತಿರುವ ಇನ್ನೊಬ್ಬರಿಗೆ ತಮ್ಮಂಥವರು ಈ ಜಿಲ್ಲೆಯಲ್ಲಿ ಬೇರೆಯವರೂ ಇದ್ದಾರೆಂದು ತಿಳಿಯಲಿ ಎಂಬುದು ಎರಡನೆಯದು.

ಮಲ್ಟಿಪಲ್ ಸ್ಕ್ಲೆರೋಸಿಸ್ ಸರ್ಕಾರಕ್ಕೆ ಅಪರಿಚಿತವಾದ ಕಾಯಿಲೆಯೇನೂ ಅಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ದೀರ್ಘಕಾಲದ ನರಸಂಬಂಧಿ ತೊಂದರೆಗಳ ಸಾಲಿನಲ್ಲಿ ಪಾರ್ಕಿನ್ಸನ್ ಕಾಯಿಲೆಯ ಜೊತೆಗೆ ಇದರ ಹೆಸರು ಸ್ಪಷ್ಟವಾಗಿ ಅಚ್ಚಾಗಿದೆ. ಆ ಕಾಯಿದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಘೋಷಣೆಯಾಯಿತು. ಇಷ್ಟೆಲ್ಲ ಆದ ಮೇಲೂ, ನಾನು ಅರ್ಜಿ ಹಿಡಿದು ನಿಂತ ಕೌಂಟರಿನಲ್ಲಿ ಗುಮಾಸ್ತರು ತಮ್ಮ ಮುಂದಿದ್ದ ಹಳೆಯ ಪಟ್ಟಿಯ ಮೇಲೆ ಬೆರಳಾಡಿಸಿ, "ಇದು ನಮ್ಮಲ್ಲಿ ಬರೋದಿಲ್ಲ ಮೇಡಂ, ಕಣ್ಣು, ಕಿವಿ, ಕೈಕಾಲು, ಬುದ್ಧಿಮಾಂದ್ಯ, ಇಷ್ಟೇ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ, ಹೊಸ ಪಟ್ಟಿಯನ್ನು ಅವರ ಮೇಜಿಗೆ ಯಾರೂ ತಲುಪಿಸಿರಲಿಲ್ಲ. ಸಂಸತ್ತಿನಲ್ಲೂ ವಿಧಾನಸೌಧದಲ್ಲೂ ಅಂಗೀಕಾರವಾದದ್ದು ಘಟ್ಟದ ಮೇಲಿನ ಒಂದು ತಾಲ್ಲೂಕಿನ ಮೇಜನ್ನು ತಲುಪದೆ ಉಳಿದಿದೆ ಎಂಬುದೇ ನನ್ನ ದೂರಿನ ತಿರುಳು.

ಕಾಯಿಲೆಯ ಸ್ವರೂಪವನ್ನು ಸ್ವಲ್ಪ ವಿವರಿಸಲು ಅನುಮತಿ ಕೊಡಬೇಕು, ಏಕೆಂದರೆ ನಮಗಾಗುತ್ತಿರುವ ಅನ್ಯಾಯಗಳಲ್ಲಿ ಬಹುಪಾಲು ಈ ಸ್ವರೂಪ ಗೊತ್ತಿಲ್ಲದ್ದರಿಂದ ಹುಟ್ಟಿದವು. ಮೆದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳಲ್ಲಿರುವ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಪದರವಿರುತ್ತದೆ. ಸಂಕೇತಗಳು ವೇಗವಾಗಿ, ತಪ್ಪಿಲ್ಲದೆ ಸಾಗುವುದು ಈ ಪದರದಿಂದ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಪದರದ ಮೇಲೆ ದಾಳಿ ಮಾಡುತ್ತದೆ. ದಾಳಿ ಎಲ್ಲಿ ನಡೆಯಿತೋ ಅದಕ್ಕೆ ತಕ್ಕಂತೆ ತೊಂದರೆ ಕಾಣಿಸುತ್ತದೆ. ಒಬ್ಬರಿಗೆ ಒಂದು ಕಣ್ಣು ಮಂಜಾಗಬಹುದು, ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯಬಹುದು, ಮತ್ತೊಬ್ಬರಿಗೆ ನಡಿಗೆಯ ತೋಲ ತಪ್ಪಬಹುದು, ಮೂತ್ರದ ಹಿಡಿತ ಹೋಗಬಹುದು, ಮಾತು ತೊದಲಬಹುದು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಇದು ಬಂದು ಹೋಗುವ ರೂಪದಲ್ಲಿ ಶುರುವಾಗುತ್ತದೆ. ಕೆಲವು ವಾರ ಕಾಡಿ, ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಇಳಿದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮರುಕಳಿಸುತ್ತದೆ. ಹಿಡಿಯುವುದು ಹೆಚ್ಚಾಗಿ 20ರಿಂದ 40 ವರ್ಷದೊಳಗಿನವರನ್ನು, ಅಂದರೆ ದುಡಿಯುವ, ಮದುವೆಯಾಗುವ, ಮಕ್ಕಳನ್ನು ಹೆರುವ ಪ್ರಾಯದವರನ್ನು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಫ್ರಾನ್ಸಿನ ವೈದ್ಯ ಶಾರ್ಕೋ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ್ದು 1868ರಲ್ಲಿ. ಕಾಯಿಲೆಯ ಓಟವನ್ನು ತಗ್ಗಿಸುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 1993ರಲ್ಲಿ. ಇಂದು ಅಂಥ ಔಷಧಗಳು ಹಲವಿವೆ. ಅವು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಮರುಕಳಿಕೆಗಳನ್ನು ಕಡಿಮೆ ಮಾಡುತ್ತವೆ, ಅಂಗವೈಕಲ್ಯವನ್ನು ಮುಂದಕ್ಕೆ ದೂಡುತ್ತವೆ. ಬೇಗ ಶುರುಮಾಡಿದಷ್ಟೂ ಅವುಗಳ ಫಲ ಹೆಚ್ಚು. ಈ ಕಡೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ನಾನು ಕೇಳುವ ಹಲವು ಬೇಡಿಕೆಗಳು ಇದರಿಂದಲೇ ಹೊರಡುತ್ತವೆ.

ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ. ಬಲಗಣ್ಣನ್ನು ಅತ್ತಿತ್ತ ಹೊರಳಿಸಿದರೆ ಒಳಗೆ ನೋವು. ಎಡಗಣ್ಣು ಮುಚ್ಚಿ ನೋಡಿದರೆ ನಾನೇ ಹಾಕಿದ ಕೆಂಪು ಶಾಯಿಯ ಗುರುತುಗಳು ಒಣಗಿದ ಅಡಿಕೆ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ದೃಷ್ಟಿನರದ ಉರಿಯೂತದಲ್ಲಿ ಕೆಂಪು ಬಣ್ಣ ಹೀಗೆ ಮಾಸುವುದು ಒಂದು ಮುಖ್ಯ ಸುಳಿವು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕನ್ನಡಕ ಬದಲಿಸಿದರು, ಕಣ್ಣಿನ ಹನಿ ಕೊಟ್ಟರು, ಕೆಲವು ವಾರಗಳಲ್ಲಿ ದೃಷ್ಟಿ ತಾನಾಗಿಯೇ ಮುಕ್ಕಾಲು ಪಾಲು ಮರಳಿತು. ಅದರಿಂದ ಎಲ್ಲರಿಗೂ ಸಮಾಧಾನವಾಯಿತು. ಮುಂದಿನ ವರ್ಷ ಹೊಟ್ಟೆಯ ಸುತ್ತ ಬಿಗಿಯಾದ ಪಟ್ಟಿ ಕಟ್ಟಿದಂತಾಗಿ, ಸೊಂಟದ ಕೆಳಗೆ ಸ್ಪರ್ಶವೇ ಗೊತ್ತಾಗದಾಯಿತು. ಅದಕ್ಕೆ ರಕ್ತಹೀನತೆ ಎಂದರು, ಬಿ12 ಕೊರತೆ ಎಂದರು, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದೂ ಒಬ್ಬರು ಹೇಳಿದರು. ಮನೆಯ ಹಿರಿಯರು ನಾಗಬನಕ್ಕೆ ಹರಕೆ ಹೊತ್ತರು. ಬಚ್ಚಲಲ್ಲಿ ಹಂಡೆಯ ಸುಡುನೀರು ಮಿಂದು ಬಂದರೆ ಕಾಲು ಗಂಟೆ ಕಣ್ಣು ಮಂಜಾಗುತ್ತಿತ್ತು, ಕಾಲು ಸೋಲುತ್ತಿತ್ತು. ಮಲೆನಾಡಿನವರಿಗೆ ಬಿಸಿನೀರ ಸ್ನಾನ ಎಲ್ಲ ನೋವಿಗೂ ಮದ್ದಾದ್ದರಿಂದ ಇನ್ನೂ ಎರಡು ಕೊಡ ಹೊಯ್ದುಕೊಳ್ಳಲು ಹೇಳುತ್ತಿದ್ದರು. ದೇಹದ ಉಷ್ಣತೆ ತುಸು ಏರಿದರೂ ಮೈಲಿನ್ ಸವೆದ ನರ ಸಂಕೇತ ಸಾಗಿಸಲಾರದು, ತಣ್ಣಗಾದ ಮೇಲೆ ಮತ್ತೆ ಸಾಗಿಸುತ್ತದೆ ಎಂಬ ಸಂಗತಿ ವೈದ್ಯಶಾಸ್ತ್ರಕ್ಕೆ ಬಹಳ ಹಿಂದಿನಿಂದ ಗೊತ್ತಿದೆ. ಕೊನೆಗೆ ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದಾಗ, ಅಲ್ಲಿಯ ನರರೋಗ ತಜ್ಞರು ನನ್ನ ಹಳೆಯ ಕಣ್ಣಿನ ಕಥೆಯನ್ನೂ ಹೊಸ ಕಾಲಿನ ಕಥೆಯನ್ನೂ ಒಟ್ಟಿಗೆ ಕೇಳಿ, ಎಂ.ಆರ್.ಐ. ಮಾಡಿಸಿ, ಬೆನ್ನುಹುರಿಯ ನೀರು ಪರೀಕ್ಷಿಸಿ ಕಾಯಿಲೆಯನ್ನು ಹೆಸರಿಸಿದರು. ಎರಡು ಕಥೆಗಳನ್ನು ಒಂದೇ ಸಲ ಕೇಳುವ ವ್ಯವಧಾನ ಅಲ್ಲಿಯವರೆಗೆ ಯಾರಿಗೂ ಇರಲಿಲ್ಲ.

ನಾನು ಸಂಬಳ ಬರುವ ಹೆಂಗಸು, ಓದಲು ಬರೆಯಲು ಬಲ್ಲವಳು. ನನಗೇ ಇಷ್ಟು ತಡವಾಯಿತೆಂದರೆ ತೋಟದ ಕೂಲಿಯವರ ಗತಿ ಏನು ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಪಕ್ಕದ ಪಂಚಾಯಿತಿಯಲ್ಲಿ ಅಡಿಕೆ ಕೊನೆ ತೆಗೆಯುವ ಯುವಕನೊಬ್ಬನಿದ್ದಾನೆ. ಮರದಿಂದ ಮರಕ್ಕೆ ಜೀಕುತ್ತ ದಾಟುತ್ತಿದ್ದವನಿಗೆ ನೆಲದ ಮೇಲೆ ಹೆಜ್ಜೆ ಓಲಾಡತೊಡಗಿದಾಗ ಊರವರು ಕುಡಿತ ಎಂದರು. ಕುಡಿಯದವನೆಂದು ಗೊತ್ತಿದ್ದವರೂ ಅನುಮಾನಪಟ್ಟರು. ಬೆಳಗಿನ ಹೊತ್ತು ಸುಮಾರಾಗಿ ನಡೆದು ಮಧ್ಯಾಹ್ನ ಕುಸಿಯುತ್ತಿದ್ದುದರಿಂದ ಕೆಲಸಗಳ್ಳ ಎಂಬ ಮಾತೂ ಸೇರಿತು. ಕಾಯಿಲೆ ಗೊತ್ತಾದ ಮೇಲೆ ಅವನ ಅಂಗವೈಕಲ್ಯ ತಪಾಸಣೆಗೆ ಅವನ ತಾಯಿಯ ಜೊತೆ ನಾನೂ ಹೋಗಿದ್ದೆ. ಹಿಂದಿನ ರಾತ್ರಿಯೇ ಪೇಟೆಗೆ ಬಂದು ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮೊದಲ ಚೀಟಿ ಪಡೆದವನು ಅವನು. "ನಡೆದು ತೋರಿಸು" ಎಂದರು, ಬಾಗಿಲಿನಿಂದ ಮೇಜಿನವರೆಗೆ ನಡೆದ. "ಕೈ ಎತ್ತು" ಎಂದರು, ಎತ್ತಿದ. ದಣಿವಿನ ಬಗ್ಗೆ, ಮೂತ್ರದ ತೊಂದರೆಯ ಬಗ್ಗೆ, ಮಧ್ಯಾಹ್ನದ ಸ್ಥಿತಿಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಶೇಕಡ 40ಕ್ಕಿಂತ ಕಡಿಮೆ ಎಂದು ಬರೆದು ಕಳಿಸಿದರು. ಶೇಕಡ 40 ಇಲ್ಲದಿದ್ದರೆ ಮಾಸಾಶನವಿಲ್ಲ, ಬಸ್ ಪಾಸಿಲ್ಲ, ಬಹುತೇಕ ಯಾವ ಸೌಲಭ್ಯವೂ ಇಲ್ಲ ಎಂಬುದು ತಮಗೆ ಗೊತ್ತಿದೆ. ಅದೇ ದಿನ ಬಿಸಿಲೇರಿದ ಮೇಲೆ ಬಸ್ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಅವನಿಗೆ ಆಗಲಿಲ್ಲ. ತಾಯಿ ಹಿಂದಿನಿಂದ ಅವನ ಮೊಣಕಾಲಿಗೆ ಕೈಕೊಟ್ಟು ಎತ್ತಿಟ್ಟರು, ನಾನು ಒಳಗಿನಿಂದ ತೋಳು ಹಿಡಿದು ಎಳೆದುಕೊಂಡೆ, ಬಸ್ಸಿನವರು ಹೊತ್ತಾಯಿತೆಂದು ಸೀಟಿ ಊದುತ್ತಿದ್ದರು.

ವೈದ್ಯರು ಬೇಕೆಂದೇ ಅನ್ಯಾಯ ಮಾಡಿದರೆಂದು ನಾನು ಹೇಳಲಾರೆ. ಮೂಳೆ ಮುರಿದ ಕಾಲನ್ನು ಅಳೆಯುವ ಕ್ರಮದಲ್ಲೇ ಏರಿಳಿಯುವ ಕಾಯಿಲೆಯನ್ನೂ ಅಳೆದರು. ಆದರೆ ಕಾಯಿದೆಯಡಿಯ 2017ರ ನಿಯಮಗಳಲ್ಲೇ, ವೈಕಲ್ಯದ ಪ್ರಮಾಣ ಮುಂದೆ ಬದಲಾಗುವ ಸಂಭವವಿದ್ದರೆ ಅವಧಿಯನ್ನು ನಮೂದಿಸಿ ಪ್ರಮಾಣಪತ್ರ ಕೊಡಬೇಕು ಎಂದಿದೆ. ಬದಲಾಗುವ ವೈಕಲ್ಯಗಳೂ ಇವೆ ಎಂದು ನಿಯಮ ಮಾಡಿದವರಿಗೆ ಗೊತ್ತಿತ್ತು. ಆದ್ದರಿಂದ ಜಿಲ್ಲೆಯ ತಪಾಸಣಾ ಮಂಡಳಿಯು ಎಂ.ಎಸ್. ಇರುವವರನ್ನು ನೋಡುವ ದಿನ ನರರೋಗ ತಜ್ಞರೊಬ್ಬರು ಕಡ್ಡಾಯವಾಗಿ ಇರುವಂತೆ, ಹತ್ತು ಹೆಜ್ಜೆ ನಡೆಸಿ ನೋಡುವುದರ ಬದಲು ಹಿಂದಿನ ತಿಂಗಳುಗಳ ಚಿಕಿತ್ಸೆಯ ದಾಖಲೆ, ಮರುಕಳಿಕೆಗಳ ವಿವರ, ದೃಷ್ಟಿ, ಮೂತ್ರಕೋಶ, ದಣಿವು, ಕೈಯ ಕುಶಲತೆ, ನೆನಪು ಇವೆಲ್ಲವನ್ನೂ ಪರಿಗಣಿಸುವಂತೆ ತಾವು ಸೂಚನೆ ಹೊರಡಿಸಬೇಕೆಂದು ಕೋರುತ್ತೇನೆ. ಆ ಯುವಕನಂತೆ ಒಮ್ಮೆ ತಿರಸ್ಕೃತರಾದವರನ್ನು ಮತ್ತೆ ಕರೆಸಿ ನೋಡುವಂತೆಯೂ ಆ ಸೂಚನೆಯಲ್ಲಿರಲಿ.

ಚಿಕಿತ್ಸೆಯ ಮಾತಿಗೆ ಬರುತ್ತೇನೆ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಎಂ.ಎಸ್. ಇದೆಯೆಂದು ಕಂಡುಕೊಂಡಿತು. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ. ಘಟ್ಟದ ಕೆಳಗಿನ ಲೆಕ್ಕ ಘಟ್ಟದ ಮೇಲೂ ಹೆಚ್ಚುಕಡಿಮೆ ಹೊಂದುವುದಾದರೆ ಜಿಲ್ಲೆಯಲ್ಲಿ ನೂರಕ್ಕಿಂತ ಹೆಚ್ಚು ಮಂದಿ ಇರಬೇಕು. ಅವರೆಲ್ಲ ಎಲ್ಲಿದ್ದಾರೆ? ಕೆಲವರು ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಬರುತ್ತಿದ್ದಾರೆ. ಉಳಿದವರು ಪಾರ್ಶ್ವವಾಯು, ನರದೌರ್ಬಲ್ಯ, ಗಾಳಿ ಸೋಕಿದ್ದು ಎಂಬ ಬೇರೆ ಬೇರೆ ಹಣೆಪಟ್ಟಿಗಳಡಿ ಕಾಯಿಲೆಯ ಗುರುತೇ ಸಿಗದೆ ಉಳಿದಿದ್ದಾರೆಂಬ ಅನುಮಾನ ನನ್ನದು. ಹೀಗಾಗಿ ಜಿಲ್ಲೆಯಲ್ಲಿ ಒಂದು ನೋಂದಣಿ ಪುಸ್ತಕ ತೆರೆಯುವುದು ಎಲ್ಲಕ್ಕಿಂತ ಮೊದಲ ಕೆಲಸ.

ಅದು ಈ ಜಿಲ್ಲೆಗೆ ಆಗದ ಕೆಲಸವಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಇಲ್ಲಿಯ ಆರೋಗ್ಯ ಸಿಬ್ಬಂದಿ ಅದನ್ನು ಗುರುತಿಸುವುದರಲ್ಲಿ ಪಳಗಿದ್ದಾರೆ. ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು, ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಯಾವ ಎಣ್ಣೆ ಹಚ್ಚಬೇಕು, ಯಾವ ಜ್ವರವನ್ನು ಸಾಮಾನ್ಯ ಜ್ವರವೆಂದು ಬಿಡಬಾರದು ಎಂಬುದು ನಮ್ಮ ಆಶಾ ಕಾರ್ಯಕರ್ತೆಯರಿಗೆ ನಾಲಿಗೆ ತುದಿಯಲ್ಲಿದೆ. ಅದೇ ಆಶಾ ಕಾರ್ಯಕರ್ತೆಯರಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಇನ್ನು ಕೆಲವು ಸುಳಿವುಗಳನ್ನು ಕಲಿಸಿದರೆ ಸಾಕು. ಪ್ರಾಯದವರಲ್ಲಿ ಒಂದೇ ಕಣ್ಣು ನೋವಿನೊಂದಿಗೆ ಮಂಜಾಗುವುದು, ಜ್ವರವಿಲ್ಲದೆ ಒಂದು ದಿನಕ್ಕೂ ಮೀರಿ ಉಳಿಯುವ ಜೋಮು ಅಥವಾ ನಿಶ್ಶಕ್ತಿ, ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಹರಿಯುವ ಮಿಂಚು, ಹಿಂದೆಂದೋ ಬಂದು ಹೋದ ಇಂಥದೇ ಇನ್ನೊಂದು ತೊಂದರೆ, ಇವು ಕಂಡರೆ ಟಾನಿಕ್ ಬರೆದು ಕಳಿಸದೆ ನರರೋಗ ತಜ್ಞರ ಬಳಿಗೆ ಕಳಿಸಬೇಕು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು ಮತ್ತು ಮರೆವಿನ ಕಾಯಿಲೆಗಳಿಗೆ ಗಮನ ಕೊಟ್ಟು ಸ್ಥಳೀಯ ವೈದ್ಯರಿಗೆ ತರಬೇತಿ ನೀಡುತ್ತಿದೆ. ಒಳ್ಳೆಯ ಕೆಲಸ. ನಮ್ಮ ಜಿಲ್ಲೆಯಲ್ಲಿ ಆ ತರಬೇತಿಗೆ ಎಂ.ಎಸ್.ನ ಒಂದು ಪಾಠವನ್ನೂ ಸೇರಿಸುವಂತೆ ತಾವು ಆರೋಗ್ಯ ಇಲಾಖೆಗೆ ಬರೆಯಬೇಕು.

ಗುರುತಿಸಿದರೆ ಸಾಲದು, ಸರಿಯಾಗಿ ಗುರುತಿಸಬೇಕು ಎಂಬುದನ್ನೂ ಸೇರಿಸುತ್ತೇನೆ. ಎಂ.ಎಸ್.ನಂತೆಯೇ ಕಣ್ಣು ಮತ್ತು ಬೆನ್ನುಹುರಿಯನ್ನು ಹಿಡಿಯುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆಯಿದೆ. ರಕ್ತದಲ್ಲಿ ಅಕ್ವಾಪೊರಿನ್-4 ವಿರುದ್ಧದ ಪ್ರತಿಕಾಯಗಳನ್ನು ಪರೀಕ್ಷಿಸಿ ಅದನ್ನು ಬೇರ್ಪಡಿಸಬೇಕಾಗುತ್ತದೆ, ಏಕೆಂದರೆ ಎಂ.ಎಸ್.ಗೆ ಕೊಡುವ ಕೆಲವು ಔಷಧಗಳು ಅದನ್ನು ಉಲ್ಬಣಗೊಳಿಸುತ್ತವೆ. ಆದ್ದರಿಂದಲೇ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ವಾರಕ್ಕೊಂದು ನಿಗದಿತ ದಿನ ನರರೋಗ ತಜ್ಞರು ಇಂಥ ರೋಗಿಗಳನ್ನೇ ನೋಡುವ ವ್ಯವಸ್ಥೆ ಬೇಕು, ಅಗತ್ಯವಿದ್ದಾಗ ನಿಮ್ಹಾನ್ಸ್ ತಜ್ಞರೊಂದಿಗೆ ವಿಡಿಯೊ ಮೂಲಕ ಸಮಾಲೋಚನೆಯಾಗಬೇಕು ಎಂದು ಕೇಳುತ್ತಿದ್ದೇನೆ. ಮರುಕಳಿಕೆಯಾದಾಗ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುವ ಮೀಥೈಲ್‌ಪ್ರೆಡ್ನಿಸೊಲೋನ್ ಸ್ಟಿರಾಯ್ಡ್ ಅಪರೂಪದ ಔಷಧವಲ್ಲ. ತಜ್ಞರು ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ ತಾಲ್ಲೂಕು ಆಸ್ಪತ್ರೆಯಲ್ಲೇ ಅದನ್ನು ಕೊಡುವಂತಾಗಬೇಕು. ಮಳೆಗಾಲದಲ್ಲಿ ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಗುಡ್ಡ ಜಾರಿ ರಸ್ತೆ ಮುಚ್ಚಿದ ದಿನ ಕಾಲಿನ ಬಲ ಕಳೆದುಕೊಂಡವರು ಏನು ಮಾಡಬೇಕೆಂದು ದಯವಿಟ್ಟು ಯೋಚಿಸಿ.

ಔಷಧದ ಖರ್ಚು ಇನ್ನೊಂದು ಗುಡ್ಡ. ಆರೋಗ್ಯ ಕಾರ್ಡಿನ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗೆ, ತಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್ನಿಗೆ ಅದು ಒದಗುವುದಿಲ್ಲ. ಅಡಿಕೆ ದರ ಇಳಿದ ವರ್ಷ ಔಷಧ ನಿಲ್ಲಿಸಿದವರನ್ನು ನಾನು ಬಲ್ಲೆ. ನಿಲ್ಲಿಸಿದ ಮೇಲೆ ಬಂದ ಮರುಕಳಿಕೆಯಲ್ಲಿ ಅವರು ಕಳೆದುಕೊಂಡದ್ದು ಪೂರ್ತಿ ವಾಪಸಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಎಂ.ಎಸ್.ಗಾಗಿ ಗ್ಲಾಟಿರಮರ್, ಕ್ಲಾಡ್ರಿಬಿನ್ ಮತ್ತು ರಿಟುಕ್ಸಿಮಾಬ್‌ಗಳನ್ನು ಸೇರಿಸಿದೆ. ಇವುಗಳಲ್ಲಿ ರಿಟುಕ್ಸಿಮಾಬ್ ಭಾರತದಲ್ಲೇ ತಯಾರಾಗುತ್ತದೆ, ಬೇರೆ ಕಾಯಿಲೆಗಳಿಗೆ ನಮ್ಮ ಆಸ್ಪತ್ರೆಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. ಎಂ.ಎಸ್. ಇರುವವರಿಗೂ ಇದು ಜಿಲ್ಲೆಯಲ್ಲೇ ಉಚಿತವಾಗಿ ಸಿಗುವಂತೆ, ಮಾತ್ರೆಗಳು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯ ಔಷಧಾಲಯಕ್ಕೆ ಬರುವಂತೆ ರಾಜ್ಯ ಸರ್ಕಾರಕ್ಕೆ ತಾವು ಪ್ರಸ್ತಾವನೆ ಕಳಿಸಬೇಕು.

ಇದರಲ್ಲೇ ಇನ್ನೊಂದು ಮಾತಿದೆ, ಬೆಂಗಳೂರಿನಲ್ಲಿ ಕುಳಿತವರಿಗೆ ತಟ್ಟನೆ ಹೊಳೆಯಲಾರದ್ದು. ಕೆಲವು ಇಂಜೆಕ್ಷನ್ನುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮ ಕಡೆ ದಿನಗಟ್ಟಲೆ ಕರೆಂಟಿರುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ದುಬಾರಿ ಔಷಧ ಕೆಡುತ್ತದೆಂಬ ಭಯದಲ್ಲಿ, ಅದನ್ನು ನೀರು ಸೇರದಂತೆ ಡಬ್ಬಿಗೆ ಹಾಕಿ ಬಾವಿಯೊಳಗೆ ಇಳಿಬಿಟ್ಟ ಮನೆಯೊಂದನ್ನು ನಾನು ನೋಡಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಲಸಿಕೆಯ ಶೀತಕದಲ್ಲಿ ಬೇರೆ ಔಷಧ ಇಡಬಾರದೆಂಬ ನಿಯಮವಿರುವುದು ನನಗೆ ತಿಳಿದಿದೆ, ಅದನ್ನು ಮುರಿಯಿರಿ ಎಂದು ಕೇಳುವುದಿಲ್ಲ. ಜನರೇಟರ್ ಸಂಪರ್ಕವಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಔಷಧಗಳಿಗೆಂದೇ ಒಂದು ಚಿಕ್ಕ ಫ್ರಿಜ್ ಇಟ್ಟರೆ ಸಾಕು.

ಓಡಾಟದ ವಿಷಯದಲ್ಲಿ ಹೆಂಗಸರು ಹೇಳಿಕೊಳ್ಳಲಾಗದ ಒಂದು ಕಷ್ಟವನ್ನು ನಾನೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ಮೂತ್ರ ಬಂದಿತೆಂದರೆ ತಡೆಯುವುದು ಆಗದು. ಬಸ್ಸಿನಲ್ಲಿ ಹೋಗಬೇಕಾದ ದಿನ ನಾನು ಮುಂಜಾನೆಯಿಂದ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ, ನನಗೆ ಪರಿಚಯವಾದ ಇತರರೂ ಹೀಗೆಯೇ ಮಾಡುತ್ತಾರೆ. ಹೀಗೆ ನೀರು ಬಿಟ್ಟರೆ ಮೂತ್ರದ ಸೋಂಕು ಬರುತ್ತದೆ, ಸೋಂಕಿನಿಂದ ಜ್ವರ ಬರುತ್ತದೆ, ಜ್ವರದಿಂದ ಹಳೆಯ ಲಕ್ಷಣಗಳೆಲ್ಲ ಮತ್ತೆ ಏಳುತ್ತವೆ. ತಾಲ್ಲೂಕು ಬಸ್ ನಿಲ್ದಾಣಗಳಲ್ಲಿ ಹಿಡಿಕೆಯಿರುವ, ಕುಳಿತುಕೊಳ್ಳುವ ಕಮೋಡ್ ಇರುವ, ಬೀಗ ಹಾಕದ ಒಂದೊಂದು ಶೌಚಾಲಯವನ್ನು ಕೇಳುವುದು ಸಣ್ಣ ವಿಷಯವೆಂದು ಭಾವಿಸಬಾರದು. ಇನ್ನು, ಶಕ್ತಿ ಯೋಜನೆಯಾಗಲಿ ವಿಕಲಚೇತನರ ರಿಯಾಯಿತಿ ಪಾಸಾಗಲಿ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆಯ ಹಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಜಿಲ್ಲೆಯ ಸಾರಿಗೆ ಪ್ರಾಧಿಕಾರದ ಸಭೆಯಲ್ಲಿ ಖಾಸಗಿ ಬಸ್ ಮಾಲೀಕರೊಂದಿಗೆ ಈ ಬಗ್ಗೆ ಮಾತನಾಡಿ, ಯು.ಡಿ.ಐ.ಡಿ. ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ತೋರಿಸಿದವರಿಗೆ ಮುಂದಿನ ಸೀಟನ್ನಾದರೂ ಬಿಟ್ಟುಕೊಡುವಂತೆ ಹೇಳಿಸಬೇಕು. ನೋಡಲು ಗಟ್ಟಿಮುಟ್ಟಾಗಿ ಕಾಣುವ ಮೂವತ್ತು ವರ್ಷದ ಹೆಂಗಸು ಆ ಸೀಟು ಕೇಳಿದಾಗ ಕೇಳಬೇಕಾಗಿ ಬರುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಸೀಟಿಗಿಂತ ದೊಡ್ಡದನ್ನು ಕಳೆದುಕೊಂಡವರೂ ಇದ್ದಾರೆ. ಕಾಯಿಲೆಯ ಹೆಸರು ತಿಳಿದ ವಾರದಲ್ಲೇ ಗಂಡನ ಮನೆಯವರು ತವರಿಗೆ ಬಿಟ್ಟುಹೋದ ಒಬ್ಬ ತಂಗಿಯನ್ನು ನಾನು ಬಲ್ಲೆ. ಮಗುವಿಗೂ ಬರುತ್ತದೆ, ಮುಟ್ಟಿದವರಿಗೂ ಬರುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಎಂ.ಎಸ್. ಅಂಟುರೋಗವಲ್ಲ. ತಾಯಿಗಿದ್ದರೆ ಮಗುವಿಗೆ ಬರುವ ಸಂಭವ ಇತರರಿಗಿಂತ ಹೆಚ್ಚಿದ್ದರೂ ನೂರರಲ್ಲಿ ಎರಡು ಮೂರರಷ್ಟು ಮಾತ್ರ. ಬಸುರಿಯ ಕಡೆಯ ಮೂರು ತಿಂಗಳಲ್ಲಿ ಮರುಕಳಿಕೆಗಳು ಕಡಿಮೆಯಾಗುತ್ತವೆ, ಹೆರಿಗೆಯ ನಂತರದ ಮೂರು ತಿಂಗಳು ಎಚ್ಚರ ಬೇಕು, ಕೆಲವು ಔಷಧಗಳನ್ನು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಬೇಕು. ಇಷ್ಟು ಎಚ್ಚರ ವಹಿಸಿ ತಾಯಂದಿರಾದವರು ಎಷ್ಟೋ ಮಂದಿ. ಈ ನಾಲ್ಕು ಮಾತನ್ನು ಆ ಮನೆಯ ಜಗುಲಿಯಲ್ಲಿ ಕುಳಿತು ಹೇಳಬಲ್ಲ ಒಬ್ಬ ಆರೋಗ್ಯ ಸಿಬ್ಬಂದಿ ಇದ್ದಿದ್ದರೆ ಆ ಹುಡುಗಿ ಇಂದು ತನ್ನ ಮನೆಯಲ್ಲಿರುತ್ತಿದ್ದಳು ಎಂದು ನಾನು ಬಲವಾಗಿ ನಂಬಿದ್ದೇನೆ.

ನೌಕರಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯಬಾರದು, ದರ್ಜೆ ಇಳಿಸಬಾರದು ಎಂದು ಕಾಯಿದೆಯ 20ನೆಯ ಕಲಮು ಹೇಳುತ್ತದೆ. ಕೆಲಸದ ಸ್ಥಳದಲ್ಲಿ ತಕ್ಕ ಅನುಕೂಲ ಕಲ್ಪಿಸಬೇಕೆಂದೂ ಹೇಳುತ್ತದೆ. ನೆಲಮಹಡಿಯ ತರಗತಿ, ಕುಳಿತು ಪಾಠ ಮಾಡಲು ಕುರ್ಚಿ, ಬೇಸಿಗೆಯಲ್ಲಿ ಬೆಳಗಿನ ಪಿರಿಯಡ್ಡುಗಳು, ಇಷ್ಟಿದ್ದರೆ ನನ್ನಂಥವರು ನಿವೃತ್ತಿಯವರೆಗೂ ಪೂರ್ತಿ ಕೆಲಸ ಮಾಡಬಲ್ಲೆವು. ಇದನ್ನು ಬೇಡಿದಾಗ "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಎಂಬ ಉತ್ತರ ಬರಬಾರದು. ಇದೇ ಕಾಯಿದೆಯ 34ನೆಯ ಕಲಮು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ರಷ್ಟು ಮೀಸಲಾತಿ ಕೊಟ್ಟು, ಯಾವ ವೈಕಲ್ಯಗಳಿಗೆ ಎಂದು ಪಟ್ಟಿ ಮಾಡುವಾಗ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನು ಹೆಸರಿಸಿಲ್ಲ. ಅದನ್ನು ತಿದ್ದುವುದು ತಮ್ಮ ಕೈಯಲ್ಲಿಲ್ಲ. ಆದರೆ ಜಿಲ್ಲೆಯ ಅಭಿಪ್ರಾಯವೆಂದು ಮೇಲಕ್ಕೆ ಬರೆಯುವುದು ತಮ್ಮಿಂದ ಆದೀತು.

ತಮ್ಮ ಕೈಯಲ್ಲೇ ಇರುವ ಸಂಗತಿಗಳೂ ಕೆಲವಿವೆ. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ತೆಗೆದಿಡಬೇಕಾದ ಶೇಕಡ 5ರ ನಿಧಿಯನ್ನು ವರ್ಷದ ಕಡೆಯಲ್ಲಿ ಯಾವುದೋ ಸಾಮಗ್ರಿ ಹಂಚಿ ಮುಗಿಸದೆ, ಮನೆಯ ಶೌಚಾಲಯಕ್ಕೆ ಕಮೋಡ್, ಗೋಡೆಗೆ ಹಿಡಿಕೆ, ವಾಕರ್, ಫಿಜಿಯೋಥೆರಪಿಗೆ ಹೋಗಿಬರುವ ವೆಚ್ಚ ಇಂಥವಕ್ಕೆ ಬಳಸುವಂತೆ ಸೂಚಿಸಬಹುದು. ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಮನೆಗೆ ಹೋಗುವವರು, ಊರಿನ ಒಳಗುಟ್ಟು ಬಲ್ಲವರು. 21 ವೈಕಲ್ಯಗಳ ಪಟ್ಟಿಯನ್ನು ಅವರ ಕೈಗೆ ಕನ್ನಡದಲ್ಲಿ ಅಚ್ಚುಹಾಕಿಸಿ ಕೊಟ್ಟು, ಪ್ರತಿ ಕೌಂಟರಿನ ಗೋಡೆಗೂ ಅಂಟಿಸಬಹುದು. ಆರೈಕೆದಾರರ 1,000 ರೂಪಾಯಿ ಈ ಜಿಲ್ಲೆಯಲ್ಲಿ ಎಂ.ಎಸ್. ಇರುವ ಎಷ್ಟು ಕುಟುಂಬಗಳಿಗೆ ತಲುಪಿದೆ, ಎಷ್ಟು ಅರ್ಜಿಗಳು ಯಾವ ಕಾರಣಕ್ಕೆ ನಿಂತಿವೆ ಎಂಬುದನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ತರಿಸಿ ಪ್ರಕಟಿಸಬಹುದು. ಮಗನನ್ನು ಬಸ್ಸಿಗೆ ಎತ್ತಿ ಹತ್ತಿಸಿದ ಆ ತಾಯಿ ಕೂಲಿಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಆಕೆಗೆ ಆ ಹಣ ದೊಡ್ಡದು.

ಪ್ರತಿ ವರ್ಷ ಮೇ 30 ವಿಶ್ವ ಎಂ.ಎಸ್. ದಿನ. ನಮ್ಮಲ್ಲಿ ಮುಂಗಾರು ಹಿಡಿಯುವುದು ಅದರ ಬೆನ್ನಿಗೇ. ಅದಕ್ಕೆ ಮೊದಲು ಜಿಲ್ಲಾ ಆರೋಗ್ಯಾಧಿಕಾರಿಗಳು, ಜಿಲ್ಲಾ ಶಸ್ತ್ರಚಿಕಿತ್ಸಕರು, ವಿಕಲಚೇತನರ ಕಲ್ಯಾಣಾಧಿಕಾರಿಗಳು, ಸಾರಿಗೆ ಮತ್ತು ಶಿಕ್ಷಣ ಇಲಾಖೆಯವರನ್ನು ಕೂರಿಸಿ, ಈ ಕಾಯಿಲೆ ಇರುವವರನ್ನೂ ಅವರ ಮನೆಯವರನ್ನೂ ಕರೆದು ಒಂದು ಸಭೆ ನಡೆಸಬೇಕೆಂದು ಕೋರುತ್ತೇನೆ. ಈಗ ನನ್ನ ಪರಿಚಯದಲ್ಲಿರುವವರನ್ನು ಕರೆತರುವ ಹೊಣೆ ನನ್ನದು. ಸಭೆ ಬೆಳಗಿನ ತಂಪು ಹೊತ್ತಿನಲ್ಲಿರಲಿ, ನೆಲಮಹಡಿಯ ಕೊಠಡಿಯಲ್ಲಿರಲಿ, ಹತ್ತಿರದಲ್ಲೇ ಶೌಚಾಲಯವಿರಲಿ. ದೂರದ ತಾಲ್ಲೂಕುಗಳಿಂದ ಬರುವವರಿಗೆ ಹಿಂದಿನ ದಿನ ಉಳಿದುಕೊಳ್ಳಲು ಏರ್ಪಾಡಾಗಲಿ. ದಿನಾಂಕವನ್ನು ಕನಿಷ್ಠ ಹದಿನೈದು ದಿನ ಮೊದಲು ತಿಳಿಸಿದರೆ ನಾವೆಲ್ಲರೂ ನಮ್ಮ ದಾಖಲೆಗಳೊಂದಿಗೆ ಹಾಜರಾಗುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.